ಪೊಲೀಸರಿಗೆ ಸಂಘ ಬೇಕಾ ಬೇಡ್ವಾ? ಅಪ್ಪ ಕೇಳುವ ಹಾಗಿಲ್ಲ, ಅದಕ್ಕೆ ನಾನು ಕೇಳುತ್ತಿದ್ದೇನೆ

ಕ್ವಾರ್ಟರ್ಸ್ ಮಗಳು · ಶುಕ್ರವಾರ ರಾತ್ರಿ 9:40

ನಮ್ಮ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಎರಡು ಲೆಕ್ಕ ನಡೆಯುತ್ತದೆ. ಹಾಲಿನದು ನೀಲಿ ಪೆನ್ನಿನಲ್ಲಿ, ಅಪ್ಪನದು ಕೆಂಪು ಪೆನ್ನಿನಲ್ಲಿ. ಅಪ್ಪ ರಾತ್ರಿ ಊಟಕ್ಕೆ ಮನೆಯಲ್ಲಿದ್ದರೆ ಅಮ್ಮ ಆ ತಾರೀಕಿಗೆ ಒಂದು ಸುತ್ತು ಹಾಕುತ್ತಾಳೆ. ಯಾವತ್ತೋ ಜಗಳದಲ್ಲಿ ಸಾಕ್ಷಿಗೆ ಬೇಕು ಅಂತ ಶುರು ಮಾಡಿದ್ದು, ಈಗ ಅಭ್ಯಾಸ. ಹೋದ ತಿಂಗಳು ಏಳು ಸುತ್ತು. ಹಾಲಿನವನೇ ಜಾಸ್ತಿ ದಿನ ಬಂದಿದ್ದಾನೆ.

ಅಪ್ಪ ಹೆಡ್ ಕಾನ್‌ಸ್ಟೇಬಲ್. ಜಿಲ್ಲೆ, ಠಾಣೆ ಹೇಳುವುದಿಲ್ಲ, ದಯವಿಟ್ಟು ಕೇಳಬೇಡಿ.

2016 ನೆನಪಿದೆಯಾ? ಜೂನ್ 4, ಶನಿವಾರ. ಅವತ್ತು ರಾಜ್ಯದ ಪೊಲೀಸರೆಲ್ಲ ಸಾಮೂಹಿಕ ರಜೆ ಹಾಕಬೇಕು ಅಂತ ಅಖಿಲ ಕರ್ನಾಟಕ ಪೊಲೀಸ್ ಮಹಾಸಂಘ ಕರೆ ಕೊಟ್ಟಿತ್ತು. ಬೇರೆ ಇಲಾಖೆಗೆ ಸಮನಾದ ಸಂಬಳ, ವಾರದ ರಜೆ, ಗೊತ್ತಾದ ಡ್ಯೂಟಿ ವೇಳೆ, ಸಾಹೇಬರ ಮನೆಯ ಆರ್ಡರ್ಲಿ ಕೆಲಸಕ್ಕೆ ಕೊನೆ. ಇಷ್ಟೇ ಕೇಳಿದ್ದು. ನಾನಾಗ ಪಿಯುಸಿ. ಅಪ್ಪ ಊಟದ ಟೇಬಲ್ ಮೇಲೆ ಬಿಳಿ ಹಾಳೆ ಇಟ್ಟುಕೊಂಡು ಒಂದು ದಿನದ ಸಿ.ಎಲ್.ಗೆ ಅರ್ಜಿ ಬರೆದಿದ್ದರು. ಕಾರಣದ ಜಾಗದಲ್ಲಿ ಎರಡು ಸಲ ಬರೆದು ಹೊಡೆದು ಹಾಕಿ, ಕೊನೆಗೆ ‘ಮಗಳ ಕಾಲೇಜು ಕೆಲಸ’ ಅಂತ ಹಾಕಿದರು. ನನಗೆ ಅವತ್ತು ಕಾಲೇಜಿನಲ್ಲಿ ಯಾವ ಕೆಲಸವೂ ಇರಲಿಲ್ಲ.

ಆಮೇಲೆ ಏನಾಯ್ತು ಎಲ್ಲರಿಗೂ ಗೊತ್ತು. ರಜೆ ರದ್ದು. ಮುಷ್ಕರ ತಡೆಯುವ ಎಸ್ಮಾ ಕಾಯ್ದೆ ಜಾರಿ. ಮಹಾಸಂಘದ ಅಧ್ಯಕ್ಷರನ್ನು ಎರಡು ದಿನ ಮೊದಲೇ ಬಂಧಿಸಿ ರಾಜದ್ರೋಹದ ಕೇಸು ಹಾಕಿದರು. ಕ್ವಾರ್ಟರ್ಸಿಗೆ ಜೀಪು ಬಂತು, ಹೆಂಗಸರನ್ನು ಕೂರಿಸಿ ‘ನಿಮ್ಮ ಯಜಮಾನರಿಗೆ ಬುದ್ಧಿ ಹೇಳಿ’ ಅಂದರು. 4ನೇ ತಾರೀಕು ಬೆಳಿಗ್ಗೆ ಆರಕ್ಕೆ ಅಪ್ಪ ಬೆಲ್ಟ್ ಬಿಗಿದುಕೊಂಡು ಹೊರಟರು. ಅರ್ಜಿ ವಾಪಸ್ ತಗೊಂಡಿದ್ದರೂ ಮೆಮೊ ಬಂತು. ‘ನಿಮ್ಮ ಮೇಲೆ ಯಾಕೆ ಶಿಸ್ತುಕ್ರಮ ಜರುಗಿಸಬಾರದು?’ ಆ ಮೆಮೊ ಈಗಲೂ ಬೀರುವಿನಲ್ಲಿ ನನ್ನ ಮಾರ್ಕ್ಸ್ ಕಾರ್ಡ್ ಜೊತೆ ಇದೆ.

2025ರ ಅಕ್ಟೋಬರ್‌ನಲ್ಲಿ ಸ್ಲೋಚ್ ಹ್ಯಾಟ್ ಹೋಗಿ ನೀಲಿ ಪೀಕ್ ಕ್ಯಾಪ್ ಬಂತಲ್ಲ, ಅಪ್ಪ ಕನ್ನಡಿ ಮುಂದೆ ನಿಂತು, ‘ನೋಡು, ಹೊಸ ಟೋಪಿ ಹಾಕಿದ್ದಾರೆ’ ಅಂದರು. ಅಮ್ಮ ಬಹಳ ಹೊತ್ತು ನಕ್ಕಳು. ಕ್ಯಾಪ್ ಹಗುರವಾಗಿದೆ, ಚೆನ್ನಾಗಿದೆ, ಅದು ಬೇರೆ ಮಾತು.

ನನ್ನ ಪ್ರಶ್ನೆ ಸರಳ. ಮೇಷ್ಟ್ರಿಗೆ ಸಂಘ ಇದೆ, ಬಸ್ ಡ್ರೈವರ್‌ಗೆ ಇದೆ, ಬ್ಯಾಂಕಿನವರಿಗೆ ಇದೆ. ಪೊಲೀಸರಿಗೆ ಯಾಕಿಲ್ಲ?

ಲಾ ಪಾಯಿಂಟ್ · ರಾತ್ರಿ 10:15

ಇಲ್ಲದೆ ಇರುವುದಕ್ಕೆ ಕಾನೂನೇ ಇದೆ ತಂಗಿ. ಸಂಘ ಕಟ್ಟುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ. ಆದರೆ 33ನೇ ವಿಧಿ ಸೈನ್ಯ, ಪೊಲೀಸ್‌ನಂಥ ಪಡೆಗಳ ವಿಷಯದಲ್ಲಿ ಆ ಹಕ್ಕನ್ನು ಕತ್ತರಿಸುವ ಅಧಿಕಾರವನ್ನು ಸಂಸತ್ತಿಗೆ ಕೊಡುತ್ತದೆ. ಆ ಅಧಿಕಾರದಲ್ಲಿ ಬಂದದ್ದು ಪೊಲೀಸ್ ಪಡೆಗಳ (ಹಕ್ಕುಗಳ ನಿರ್ಬಂಧ) ಕಾಯ್ದೆ, 1966. ಪುಟ್ಟ ಕಾಯ್ದೆ, ಟೀ ಕುಡಿಯುವಷ್ಟರಲ್ಲಿ ಓದಿ ಮುಗಿಸಬಹುದು. ಅನುಮತಿ ಇಲ್ಲದೆ ಟ್ರೇಡ್ ಯೂನಿಯನ್ ಸೇರುವಂತಿಲ್ಲ, ಅದರ ಸಭೆಯಲ್ಲಿ ಮಾತಾಡುವಂತಿಲ್ಲ, ಪತ್ರಿಕೆಗೆ ಬರೆಯುವಂತಿಲ್ಲ. ಮೀರಿದರೆ ಎರಡು ವರ್ಷದವರೆಗೆ ಜೈಲು, ಅಥವಾ ಎರಡು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಆದರೆ ಎಲ್ಲರೂ ಮರೆಯುವ ಮಾತು ಒಂದಿದೆ. ‘ಅನುಮತಿ ಇಲ್ಲದೆ’. ಕಾಯ್ದೆ ಬಾಗಿಲು ಮುಚ್ಚಿದೆ, ಆದರೆ ಬೀಗದ ಕೈಯನ್ನು ಸರ್ಕಾರದ ಜೇಬಿನಲ್ಲಿ ಇಟ್ಟಿದೆ. ಸರ್ಕಾರ ಮಾನ್ಯತೆ ಕೊಟ್ಟರೆ ಸಂಘ ಇರಬಹುದು. ದೆಹಲಿಯಲ್ಲಿ ನಾನ್ ಗೆಜೆಟೆಡ್, ಅಂದರೆ ಕೆಳ ದರ್ಜೆಯ, ಪೊಲೀಸರ ಕರ್ಮಚಾರಿ ಸಂಘಕ್ಕೆ 1966ರಲ್ಲೇ ಮಾನ್ಯತೆ ಸಿಕ್ಕಿತ್ತು. ಆಮೇಲೆ ಕಿತ್ತುಕೊಂಡರು. ಅವರು ಸುಪ್ರೀಂ ಕೋರ್ಟ್‌ವರೆಗೆ ಹೋದರು, 1986ರಲ್ಲಿ ತೀರ್ಪು ಅವರ ವಿರುದ್ಧ ಬಂತು. 33ನೇ ವಿಧಿ ಇರುವಾಗ ಈ ನಿರ್ಬಂಧ ಸರಿ ಅಂತ ಕೋರ್ಟ್ ಹೇಳಿತು.

ಸುಮ್ನೆ ಓದುಗ · ರಾತ್ರಿ 10:22

ಸಿಗ್ನಲ್‌ನಲ್ಲಿ ಹಿಡಿದು ರಸೀದಿ ಇಲ್ಲದೆ ಐನೂರು ಕೇಳುವವರಿಗೆ ಯೂನಿಯನ್ ಬೇರೆ ಕೇಡು. ಈಗಲೇ ಒಬ್ಬರನ್ನು ಮುಟ್ಟುವ ಹಾಗಿಲ್ಲ. ಸಂಘ ಮಾಡಿಕೊಂಡರೆ ಕೇಳೋದೇ ಬೇಡ.

ಕ್ವಾರ್ಟರ್ಸ್ ಮಗಳು · ರಾತ್ರಿ 10:31

ಆ ಐನೂರು ತಗೊಳ್ಳುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ನಮ್ಮ ಬ್ಲಾಕಿನಲ್ಲೇ ಯಾರ ಮನೆಯಲ್ಲಿ ಹೊಸ ಫ್ರಿಜ್ ಹೇಗೆ ಬಂತು ಅಂತ ಎಲ್ಲರಿಗೂ ಗೊತ್ತು. ಆದರೆ ಲಂಚ ತಗೊಳ್ಳುವವನಿಗೆ ಸಂಘ ಬೇಕಾಗಿಲ್ಲ ಸಾರ್. ಅವನಿಗೆ ಬೇಕಾದ ಪೋಸ್ಟಿಂಗ್ ಅವನೇ ಮಾಡಿಸಿಕೊಳ್ಳುತ್ತಾನೆ. ಯಾರ ಪರಿಚಯವೂ ಇಲ್ಲದವನಿಗೆ ಬೇಕು.

ಪ್ರಾಥಮಿಕ ಮೇಷ್ಟ್ರು · ರಾತ್ರಿ 10:50

ನಾನು ಸರ್ಕಾರಿ ನೌಕರರ ಸಂಘದ ಸದಸ್ಯ. 2023ರ ಮಾರ್ಚ್ 1ರಂದು ನಾವು ರಾಜ್ಯದಾದ್ಯಂತ ಕೆಲಸ ನಿಲ್ಲಿಸಿದೆವು. ಅದೇ ದಿನ ಸರ್ಕಾರ ಶೇ 17ರಷ್ಟು ಮಧ್ಯಂತರ ಪರಿಹಾರದ ಆದೇಶ ಹೊರಡಿಸಿತು, ಮುಷ್ಕರ ಮುಗಿಯಿತು. ಏಳನೇ ವೇತನ ಆಯೋಗವೂ 2024ರ ಆಗಸ್ಟ್‌ನಿಂದ ಜಾರಿಗೆ ಬಂತು. ಹೇಳಬೇಕೆಂದರೆ ಆ ಏರಿಕೆ ಪೊಲೀಸರಿಗೂ ಸಿಕ್ಕಿತು. ನಾವು ಕೇಳಿದೆವು, ಅವರೂ ಉಂಡರು.

ಕ್ವಾರ್ಟರ್ಸ್ ಮಗಳು · ರಾತ್ರಿ 10:54

ಹೌದು ಸಾರ್. ಅವತ್ತು ನಮ್ಮಪ್ಪ ಜಿಲ್ಲಾಧಿಕಾರಿ ಕಚೇರಿ ಗೇಟಿನಲ್ಲಿ ಬೆಳಿಗ್ಗೆಯಿಂದ ನಿಂತಿದ್ದರು. ನಿಮ್ಮ ಮುಷ್ಕರಕ್ಕೆ ಬಂದೋಬಸ್ತ್.

ಪ್ರಾಥಮಿಕ ಮೇಷ್ಟ್ರು · ರಾತ್ರಿ 10:58

ಇದು ನನಗೆ ಹೊಳೆದೇ ಇರಲಿಲ್ಲ ನೋಡಿ. ನಮ್ಮವರು ಟೀ ಕೊಟ್ಟಿರಬೇಕು ಅಂತ ಆಸೆ.

ಹಳೇ ದಫೇದಾರ · ಶನಿವಾರ ಬೆಳಿಗ್ಗೆ 5:30

ನಿವೃತ್ತನಾದರೂ ಈ ಹೊತ್ತಿಗೆ ಎಚ್ಚರವಾಗುತ್ತದೆ. ಮೂವತ್ತೈದು ವರ್ಷ ಸರ್ವಿಸ್ ಮಾಡಿದವನು ನಾನು. ಮೊದಲಿಗೆ ಒಂದು ಮಾತು. ಇಲ್ಲಿ ಯಾರೂ ‘ಪೇದೆ’ ಅಂತ ಬರೆದಿಲ್ಲ, ಸಂತೋಷ. ಪೇಪರಿನವರು ಈಗಲೂ ಬರೆಯುತ್ತಾರೆ.

ನಮ್ಮ ಕಾಲದಲ್ಲಿ ದೂರು ಹೇಳಲು ಇದ್ದ ಜಾಗ ಒಂದೇ, ಓ.ಆರ್. ಆರ್ಡರ್ಲಿ ರೂಮ್. ಸಾಹೇಬರ ಮುಂದೆ ಒಬ್ಬೊಬ್ಬರಾಗಿ ಹೋಗಬೇಕು. ಒಳಗೆ ಹೋಗುವ ಮುಂಚೆ ಬಕಲ್ ಒರೆಸಬೇಕು, ಶೂ ಮಿಂಚಬೇಕು. ಸೆಲ್ಯೂಟ್ ಹೊಡೆದು ಅಟೆನ್ಷನ್‌ನಲ್ಲಿ ನಿಂತರೆ ಅರ್ಧ ನಿಮಿಷ ಸಿಗುತ್ತದೆ. ಶಿಕ್ಷೆ ಆಗಬೇಕಾದವನೂ ರಜೆ ಕೇಳಬೇಕಾದವನೂ ಒಂದೇ ಸಾಲಿನಲ್ಲಿ. ನಾನು ಒಂದು ಸಲ ಹೆಂಡತಿಯ ಆಪರೇಷನ್‌ಗೆ ಹತ್ತು ದಿನ ರಜೆ ಕೇಳಲು ಹೋಗಿದ್ದೆ. ನನ್ನ ಮುಂದಿದ್ದವನು ಕುಡಿದು ಸೆಂಟ್ರಿ ಡ್ಯೂಟಿಯಲ್ಲಿ ಮಲಗಿದ್ದವನು. ಸಾಹೇಬರು ಅವನ ಮೇಲಿನ ಸಿಟ್ಟಿನಲ್ಲೇ ನನ್ನ ಕಡೆ ತಿರುಗಿದರು. ‘ಏನಯ್ಯಾ ನಿಂದು?’ ನನ್ನ ಬಾಯಿಂದ ಹತ್ತು ದಿನ ಅಂತ ಹೊರಡಲೇ ಇಲ್ಲ. ಮೂರು ದಿನ ಸಾರ್ ಅಂದೆ. ಮೂರು ದಿನ ಸಿಕ್ಕಿತು.

ಆ ಸಾಹೇಬರು ಕೆಟ್ಟವರಲ್ಲ. ನಿಜ ಹೇಳಿದ್ದರೆ ಹತ್ತೂ ಕೊಡುತ್ತಿದ್ದರೋ ಏನೋ. ಆದರೆ ಅಟೆನ್ಷನ್‌ನಲ್ಲಿ ನಿಂತವನು ಚೌಕಾಸಿ ಮಾಡುವುದು ಹೇಗೆ? ಕೈ ಎರಡೂ ತೊಡೆಗೆ ಅಂಟಿರುತ್ತವೆ. ಅದಕ್ಕೇ ನನ್ನ ಪರವಾಗಿ ಕುರ್ಚಿ ಮೇಲೆ ಕೂತು ಮಾತಾಡುವ ಒಬ್ಬ ಬೇಕು ಅನ್ನುತ್ತೇನೆ. ಆದರೆ ಮುಷ್ಕರಕ್ಕೆ ನಾನು ವಿರೋಧ. 2016ರಲ್ಲೂ ವಿರೋಧವಿದ್ದೆ. ನಾವು ಒಂದು ದಿನ ಇಲ್ಲ ಅಂದರೆ ಊರು ಏನಾಗುತ್ತದೆ ಅಂತ ನಮಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

ದಾದರ್ ಇಡ್ಲಿ · ಶನಿವಾರ ಬೆಳಿಗ್ಗೆ 9:05

ದಫೇದಾರರು ಹೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮುಂಬೈ, 1982ರ ಆಗಸ್ಟ್ 18. ನಮ್ಮ ತಂದೆ ದಾದರ್‌ನ ಉಡುಪಿ ಹೋಟೆಲ್‌ನಲ್ಲಿ ಕ್ಯಾಷಿಯರ್. ನನಗೆ ಹನ್ನೊಂದು ವರ್ಷ. ಮಹಾರಾಷ್ಟ್ರದಲ್ಲಿ ಆಗ ಪೊಲೀಸರಿಗೆ ಮಾನ್ಯತೆ ಪಡೆದ ಸಂಘ ಇತ್ತು. ಸರ್ಕಾರ ರಾತ್ರೋರಾತ್ರಿ ಮಾನ್ಯತೆ ರದ್ದು ಮಾಡಿ ನಾಯಕರನ್ನು ಎತ್ತಿಕೊಂಡು ಹೋಯಿತು. ಬೆಳಗಾದರೆ ಪೊಲೀಸರೇ ಬೀದಿಗೆ. ಆ ವರ್ಷ ಬಟ್ಟೆ ಗಿರಣಿಗಳ ಮುಷ್ಕರ ಜನವರಿಯಿಂದ ನಡೆಯುತ್ತಲೇ ಇತ್ತು, ಊರು ಮೊದಲೇ ಕಾದಿತ್ತು. ಪೊಲೀಸರಿಲ್ಲ ಅಂತ ಗೊತ್ತಾದ ತಕ್ಷಣ ಕಲ್ಲು, ಬೆಂಕಿ, ಲೂಟಿ. ತಂದೆ ಶಟರ್ ಅರ್ಧ ಎಳೆದು, ಅದರ ಕೆಳಗಿನಿಂದ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಹೊರಗೆ ಕಳಿಸಿದ್ದು ನೆನಪಿದೆ. ಒಬ್ಬ ಗಿರಾಕಿ ದೋಸೆಯನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋದ. ಆಮೇಲೆ ಸೈನ್ಯ ಬಂತು. ಹಲವು ಪೊಲೀಸರು ಕೆಲಸ ಕಳೆದುಕೊಂಡರು.

ಇದನ್ನು ಎರಡು ರೀತಿ ಓದಬಹುದು. ಸಂಘ ಇದ್ದದ್ದರಿಂದ ಹೀಗಾಯ್ತು ಅಂತ ನಮ್ಮ ತಂದೆ ಸಾಯುವವರೆಗೂ ಹೇಳುತ್ತಿದ್ದರು. ಸಂಘವನ್ನು ಕಿತ್ತುಕೊಂಡದ್ದರಿಂದ ಆಯ್ತು ಅಂತ ನಾನು. ಮಾತಿಗೆ ಕೂತವರನ್ನು ಎಬ್ಬಿಸಿ ಜೈಲಿಗೆ ಹಾಕಿದರೆ ಉಳಿದವರು ಮಾತಾಡುತ್ತಾರಾ?

ಲಾ ಪಾಯಿಂಟ್ · ಶನಿವಾರ ಬೆಳಿಗ್ಗೆ 9:40

ದಾದರ್ ಅವರ ಮಾತಿಗೆ ಜೋಡಣೆ. ಇದಕ್ಕಿಂತ ಮೊದಲೂ ಆಗಿದೆ. 1973ರ ಮೇ ತಿಂಗಳಲ್ಲಿ ಉತ್ತರ ಪ್ರದೇಶದ ಸಶಸ್ತ್ರ ಪೊಲೀಸ್ ಪಡೆ ಪಿಎಸಿ ದಂಗೆ ಎದ್ದಿತು, ಸೈನ್ಯ ಇಳಿಯಿತು, ಮುಂದಿನ ತಿಂಗಳು ಮುಖ್ಯಮಂತ್ರಿ ಕಮಲಾಪತಿ ತ್ರಿಪಾಠಿ ರಾಜೀನಾಮೆ ಕೊಟ್ಟರು. 1979ರಲ್ಲಿ ಪಂಜಾಬಿನಿಂದ ಶುರುವಾದ ಪೊಲೀಸ್ ಚಳವಳಿ ಹಲವು ರಾಜ್ಯಗಳಿಗೆ ಹಬ್ಬಿತು. ಬೊಕಾರೊದಲ್ಲಿ ಸಿಐಎಸ್‌ಎಫ್ (ಕೇಂದ್ರ ಕೈಗಾರಿಕಾ ಭದ್ರತಾ ಪಡೆ) ಜವಾನರ ಮೇಲೆ ಸೈನ್ಯವೇ ಗುಂಡು ಹಾರಿಸಿತು. ತಮಾಷೆ ಅಂದರೆ ಅದೇ ವರ್ಷದ ಫೆಬ್ರವರಿಯಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ ತನ್ನ ಮೊದಲ ವರದಿ ಕೊಟ್ಟಿತ್ತು. ಅದರ ತುಂಬ ಕಾನ್‌ಸ್ಟೇಬಲ್‌ಗಳ ಸಂಬಳ, ಮನೆ, ಅಹವಾಲು ಕೇಳುವ ವ್ಯವಸ್ಥೆ, ಇದೇ ಮಾತು. ವರದಿ ಕಪಾಟಿನಲ್ಲಿತ್ತು, ಜವಾನರು ಬೀದಿಯಲ್ಲಿದ್ದರು.

ಕುಂಬಳೆ ಭಟ್ಟ · ಶನಿವಾರ ಮಧ್ಯಾಹ್ನ 1:10

ಇಲ್ಲಿ ಒಂದು ಗಡಿ ದಾಟಿದರೆ ಸಾಕು, ಉತ್ತರ ಇದೆ. ನಾನು ಕಾಸರಗೋಡು ಜಿಲ್ಲೆಯವ. ಮನೆಯಲ್ಲಿ ಕನ್ನಡ, ಸಂಬಳ ಕೇರಳದ್ದು. ನಮ್ಮ ಚಿಕ್ಕಪ್ಪನ ಮಗ ಕೇರಳ ಪೊಲೀಸ್‌ನಲ್ಲಿ ಇದ್ದಾನೆ.

ಕೇರಳದಲ್ಲಿ ಪೊಲೀಸರಿಗೆ ಸಂಘ ಇದೆ. 1979ರಿಂದ ಇದೆ. ಕೆಳಗಿನ ದರ್ಜೆಯವರಿಗೆ ಕೇರಳ ಪೊಲೀಸ್ ಅಸೋಸಿಯೇಷನ್, ಎಸ್‌ಐ, ಇನ್‌ಸ್ಪೆಕ್ಟರ್ ಮಟ್ಟದವರಿಗೆ ಬೇರೆಯೇ ಆಫೀಸರ್ಸ್ ಅಸೋಸಿಯೇಷನ್. ಅದೇ 1966ರ ಕಾಯ್ದೆ ಕೇರಳಕ್ಕೂ ಅನ್ವಯ. ಲಾ ಪಾಯಿಂಟ್ ಹೇಳಿದ ಬೀಗದ ಕೈ ಅಲ್ಲಿ ಜೇಬಿನಿಂದ ಹೊರಗೆ ಬಂದಿದೆ ಅಷ್ಟೇ. ಚುನಾವಣೆ ನಡೆಯುತ್ತದೆ. ಸಮ್ಮೇಳನ ನಡೆಯುತ್ತದೆ, ಮಂತ್ರಿಗಳೇ ಬಂದು ಉದ್ಘಾಟನೆ ಮಾಡುತ್ತಾರೆ, ವೇದಿಕೆ ಮೇಲೆ ಅವರ ಮುಂದೆಯೇ ಬೇಡಿಕೆ ಓದುತ್ತಾರೆ. ಮುಷ್ಕರದ ಹಕ್ಕು ಇಲ್ಲ, ಕೇಳುವುದೂ ಇಲ್ಲ. ನಮ್ಮವನ ಕ್ವಾರ್ಟರ್ಸ್ ಸೋರುತ್ತಿತ್ತು. ಘಟಕದ ಕಾರ್ಯದರ್ಶಿ ಮೇಲಧಿಕಾರಿ ಹತ್ತಿರ ಹೋಗಿ ಕೂತು ಮಾತಾಡಿದ. ಕೂತು. ದಫೇದಾರರ ಕುರ್ಚಿ ಅಂದರೆ ಅದೇ.

ಹಾಗಂತ ಸ್ವರ್ಗವೇನಲ್ಲ. ಡ್ಯೂಟಿ ಉದ್ದ ಇದ್ದೇ ಇದೆ. ಪಕ್ಷದ ಬಣ್ಣ ಅಲ್ಲಿಗೂ ಬಂದಿದೆ. 2019ರ ಲೋಕಸಭೆ ಚುನಾವಣೆಯಲ್ಲಿ ಪೊಲೀಸರ ಅಂಚೆ ಮತಪತ್ರಗಳನ್ನು ಸಂಘದ ಕಡೆಯವರು ಒಟ್ಟು ಮಾಡಿಕೊಂಡರು ಅಂತ ದೊಡ್ಡ ಗಲಾಟೆ ಆಗಿ ಕ್ರೈಂ ಬ್ರಾಂಚ್ ತನಿಖೆವರೆಗೆ ಹೋಯಿತು. ಪೊಲೀಸರ ಸಂಘದ ಮೇಲೆ ಪೊಲೀಸರದ್ದೇ ತನಿಖೆ!

ಸುಮ್ನೆ ಓದುಗ · ಶನಿವಾರ ಮಧ್ಯಾಹ್ನ 1:25

ನೋಡಿ, ನಾನು ಹೇಳಲಿಲ್ಲವಾ? ಸಂಘ ಬಂದರೆ ಪಾರ್ಟಿ ಬರುತ್ತದೆ.

ಪ್ರಾಥಮಿಕ ಮೇಷ್ಟ್ರು · ಶನಿವಾರ ಮಧ್ಯಾಹ್ನ 1:31

ಸಂಘ ಇಲ್ಲದ ಕಡೆ ಪಾರ್ಟಿ ಬಂದಿಲ್ಲವಾ ಸ್ವಾಮಿ? ವರ್ಗಾವಣೆ ಪತ್ರ ಯಾರ ಮನೆಯಿಂದ ಬರುತ್ತದೆ?

ನಿರ್ವಾಹಕ · ಶನಿವಾರ ಮಧ್ಯಾಹ್ನ 1:50

ಎರಡು ಕಾಮೆಂಟ್ ತೆಗೆದಿದ್ದೇನೆ. ಅಧಿಕಾರಿಗಳ ಹೆಸರು, ಠಾಣೆಯ ಹೆಸರು ಹಾಕಬೇಡಿ. ಸೇವೆಯಲ್ಲಿ ಇರುವ ಪೊಲೀಸರು ದಯವಿಟ್ಟು ಓದಿ, ಬರೆಯಬೇಡಿ. ತೊಂದರೆ ನಮಗಲ್ಲ, ನಿಮಗೆ.

ಬಾಸ್ಟನ್ ಚಳಿ · ಶನಿವಾರ ರಾತ್ರಿ 8:20

ಅಮೆರಿಕದ ಬಾಸ್ಟನ್‌ಗೆ ಬಂದು ಹದಿನಾಲ್ಕು ವರ್ಷ. ಹಾಸನದವನು. ನಮ್ಮೂರಿನ ಕಥೆ ಹೇಳುತ್ತೇನೆ, ಈಗಿನ ನಮ್ಮೂರು.

1919ರ ಸೆಪ್ಟೆಂಬರ್ 9. ಬಾಸ್ಟನ್ ಪೊಲೀಸರಲ್ಲಿ 1,544 ಜನರ ಪೈಕಿ 1,117 ಜನ ಕೆಲಸ ಬಿಟ್ಟು ಹೊರಗೆ ನಡೆದರು. ಅವರ ದೂರು ಕೇಳಿದರೆ ನಮ್ಮ ಕ್ವಾರ್ಟರ್ಸ್ ಮಗಳಿಗೆ ಗುರುತು ಸಿಗುತ್ತದೆ. ಸಂಬಳ ಸಾಲದು, ಡ್ಯೂಟಿ ಮುಗಿಯುವುದಿಲ್ಲ, ಯೂನಿಫಾರ್ಮ್ ಸ್ವಂತ ದುಡ್ಡಿನಲ್ಲಿ ಹೊಲಿಸಬೇಕು, ಠಾಣೆ ತುಂಬ ಇಲಿ. ಸಂಘ ಕಟ್ಟಿ ರಾಷ್ಟ್ರೀಯ ಕಾರ್ಮಿಕ ಒಕ್ಕೂಟ ಸೇರಿದರು. ಕಮಿಷನರ್ 19 ನಾಯಕರನ್ನು ಸಸ್ಪೆಂಡ್ ಮಾಡಿದ. ಅಲ್ಲಿಗೆ ಮುಷ್ಕರ. ರಾತ್ರಿ ಅಂಗಡಿ ಒಡೆದರು, ಲೂಟಿ ಆಯ್ತು, ಜನ ಸತ್ತರು. ‘ಸಾರ್ವಜನಿಕ ಸುರಕ್ಷತೆಯ ವಿರುದ್ಧ ಮುಷ್ಕರ ಹೂಡುವ ಹಕ್ಕು ಯಾರಿಗೂ, ಎಲ್ಲೂ, ಯಾವಾಗಲೂ ಇಲ್ಲ’ ಅಂತ ಗವರ್ನರ್ ಕಾಲ್ವಿನ್ ಕೂಲಿಡ್ಜ್ ತಂತಿ ಕಳಿಸಿದರು. ಆ ಒಂದು ತಂತಿಯಿಂದ ದೇಶಕ್ಕೆಲ್ಲ ಹೆಸರಾದರು. 1923ರಲ್ಲಿ ಅಧ್ಯಕ್ಷರೂ ಆದರು. ಮುಷ್ಕರ ಮಾಡಿದವರಿಗೆ ಕೆಲಸ ವಾಪಸ್ ಸಿಗಲಿಲ್ಲ.

ಈಗ ಕೇಳಿ. ಅವರ ಜಾಗಕ್ಕೆ ಬಂದ ಹೊಸಬರಿಗೆ ಸಂಬಳ ಜಾಸ್ತಿ ಮಾಡಿದರು. ಯೂನಿಫಾರ್ಮ್ ಪುಕ್ಕಟೆ ಕೊಟ್ಟರು. ಕೇಳಿದವರು ಮನೆಗೆ, ಕೇಳದವರಿಗೆ ಊಟ.

ಇದು ಒಂದು ಕಡೆ. ಇನ್ನೊಂದು ಕಡೆಯನ್ನೂ ಹೇಳದಿದ್ದರೆ ಸರಿಯಾಗುವುದಿಲ್ಲ. ಈಗ ಅಮೆರಿಕದಲ್ಲಿ ಪೊಲೀಸ್ ಯೂನಿಯನ್ ಅಂದರೆ ಮೇಯರ್‌ಗಳೇ ಹೆದರುತ್ತಾರೆ. 2014ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಪೊಲೀಸರು ತಮ್ಮ ಮೇಯರ್‌ಗೆ ಬೆನ್ನು ತಿರುಗಿಸಿ ನಿಂತದ್ದನ್ನು ಟಿವಿಯಲ್ಲಿ ನೋಡಿದ್ದೇನೆ. ಒಪ್ಪಂದಗಳಲ್ಲಿ ಎಂಥೆಂಥ ಷರತ್ತು ಇರುತ್ತವೆ ಗೊತ್ತಾ? ಜನರ ಮೇಲೆ ಕೈ ಮಾಡಿದ ಪೊಲೀಸನನ್ನು ಇಷ್ಟು ಹೊತ್ತು ಬಿಟ್ಟು ವಿಚಾರಿಸಬೇಕು, ಹಳೇ ದೂರುಗಳ ಕಡತ ಅಳಿಸಬೇಕು, ಕೆಲಸದಿಂದ ತೆಗೆದರೆ ಮಧ್ಯಸ್ಥಗಾರನ ಹತ್ತಿರ ಹೋಗಿ ವಾಪಸ್ ಬರಬಹುದು. 2020ರಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತ ಮೇಲೆ ಈ ಷರತ್ತುಗಳನ್ನೆಲ್ಲ ಜನ ಎತ್ತಿ ಎತ್ತಿ ಓದಿದರು. ಇಂಥ ರಕ್ಷಣೆ ಕೊಡುವ ಕಾನೂನನ್ನು ಮೇರಿಲ್ಯಾಂಡ್ ರಾಜ್ಯ 2021ರಲ್ಲಿ ರದ್ದು ಮಾಡಿತು.

ಸುಮ್ನೆ ಓದುಗರ ಭಯ ಸುಳ್ಳಲ್ಲ. ನಾನು ಇಲ್ಲಿ ಕೂತು ಅದನ್ನು ದಿನಾ ನೋಡುತ್ತೇನೆ.

ಸುಮ್ನೆ ಓದುಗ · ಶನಿವಾರ ರಾತ್ರಿ 8:45

ಧನ್ಯವಾದ. ನಿನ್ನೆ ನಾನು ಸ್ವಲ್ಪ ಜಾಸ್ತಿ ಮಾತಾಡಿದೆ, ಆ ಹುಡುಗಿಯ ಮನೆ ವಿಷಯ ಓದದೆ. ಆದರೂ ನನ್ನ ಪ್ರಶ್ನೆ ಹಾಗೇ ಇದೆ. ನನ್ನ ತಮ್ಮನನ್ನು ಒಂದು ಠಾಣೆಯಲ್ಲಿ ರಾತ್ರಿಯಿಡೀ ಕೂರಿಸಿ ಹೊಡೆದಿದ್ದರು. ಅವನದು ತಪ್ಪಿಲ್ಲ ಅಂತ ಬೆಳಿಗ್ಗೆ ಗೊತ್ತಾಯ್ತು. ‘ಹೋಗಪ್ಪ’ ಅಂದರು, ಅಷ್ಟೇ. ನಾಳೆ ಸಂಘ ಬಂದರೆ ಆ ಹೊಡೆದವನ ಪರ ನಿಲ್ಲುತ್ತದಾ, ಇಲ್ವಾ? ಇದಕ್ಕೆ ಉತ್ತರ ಕೊಡಿ, ಆಮೇಲೆ ಸಂಘ ಕೇಳಿ.

ಹಳೇ ದಫೇದಾರ · ಭಾನುವಾರ ಬೆಳಿಗ್ಗೆ 5:45

ಓದುಗರೇ, ರಾತ್ರಿ ಓದಿ ಮಲಗಿದೆ, ನಿದ್ದೆ ಸರಿ ಬರಲಿಲ್ಲ. ನಾನೂ ಕೈ ಎತ್ತಿದವನೇ. ದೊಡ್ಡವರು ಹೇಳಿದರು ಅಂತ ಎತ್ತಿದ್ದೇನೆ, ಹೇಳದೆಯೂ ಎತ್ತಿದ್ದೇನೆ. ಹದಿನಾರು ಗಂಟೆ ನಿಂತವನ ಕೈಗೆ ಬುದ್ಧಿ ಇರುವುದಿಲ್ಲ. ಇದು ಸಮರ್ಥನೆ ಅಲ್ಲ. ನಿಮ್ಮ ತಮ್ಮನಿಗೆ ನನ್ನಂಥವನೇ ಹೊಡೆದಿರುತ್ತಾನೆ.

ನನ್ನ ಅಭಿಪ್ರಾಯ ಕೇಳಿದರೆ, ಸಂಘ ರಜೆ, ಸಂಬಳ, ಮನೆ, ಡ್ಯೂಟಿ ವೇಳೆ ಬಗ್ಗೆ ಮಾತ್ರ ಮಾತಾಡಲಿ. ಹೊಡೆದ ಕೇಸಿನಲ್ಲಿ ವಕೀಲರನ್ನು ಅವನೇ ಇಟ್ಟುಕೊಳ್ಳಲಿ. ಇದನ್ನು ನಿಯಮದಲ್ಲೇ ಬರೆದು ಮಾನ್ಯತೆ ಕೊಡಿ.

ಲಾ ಪಾಯಿಂಟ್ · ಭಾನುವಾರ ಬೆಳಿಗ್ಗೆ 10:00

ದಫೇದಾರರು ಹೇಳಿದ್ದಕ್ಕೆ ಹತ್ತಿರದ ಮಾದರಿ ಬ್ರಿಟನ್‌ನಲ್ಲಿದೆ. ಲಂಡನ್ ಪೊಲೀಸರು 1918ರ ಆಗಸ್ಟ್ ಕೊನೆಯಲ್ಲಿ ಮುಷ್ಕರ ಹೂಡಿದರು, ಸರ್ಕಾರ ಬೆಚ್ಚಿ ಸಂಬಳ ಏರಿಸಿತು. ಮರುವರ್ಷ ಕಾಯ್ದೆ ತಂದು ಯೂನಿಯನ್ ನಿಷೇಧಿಸಿ, ಅದರ ಬದಲು ಪೊಲೀಸ್ ಫೆಡರೇಷನ್ ಅಂತ ಕಾನೂನಿನಿಂದಲೇ ಒಂದು ಸಂಸ್ಥೆ ಮಾಡಿತು. ಮಾತಾಡುವ ಹಕ್ಕು ಉಂಟು, ಮುಷ್ಕರದ ಹಕ್ಕು ಇಲ್ಲ. ಅದನ್ನು ವಿರೋಧಿಸಿ 1919ರಲ್ಲಿ ಮತ್ತೆ ಮುಷ್ಕರಕ್ಕೆ ಇಳಿದವರನ್ನೆಲ್ಲ ಮನೆಗೆ ಕಳಿಸಿದರು. ಲಿವರ್‌ಪೂಲ್‌ನಲ್ಲಿ ಅರ್ಧ ಪಡೆಯೇ ಹೋಯಿತು. ಆದರೆ ಫೆಡರೇಷನ್ ನೂರು ವರ್ಷ ದಾಟಿ ಇವತ್ತೂ ಇದೆ.

ನಮ್ಮಲ್ಲಿ ಅಧಿಕಾರಿಗಳಿಗೆ ಹೇಗೂ ಐಪಿಎಸ್ ಅಸೋಸಿಯೇಷನ್ ಇದೆ. ಒಬ್ಬ ಅಧಿಕಾರಿಗೆ ಅವಮಾನ ಆದರೆ ಅದು ಹೇಳಿಕೆ ಕೊಡುತ್ತದೆ. ಯಾರೂ ಅದನ್ನು ರಾಜದ್ರೋಹ ಅನ್ನಲಿಲ್ಲ. 2019ರ ನವೆಂಬರ್ 5ರಂದು ದೆಹಲಿಯಲ್ಲಿ ಪೊಲೀಸರು ತಮ್ಮದೇ ಕೇಂದ್ರ ಕಚೇರಿ ಮುಂದೆ ಇಡೀ ದಿನ ನಿಂತರು. ಮೂರು ದಿನ ಮೊದಲು ತೀಸ್ ಹಜಾರಿ ಕೋರ್ಟಿನಲ್ಲಿ ವಕೀಲರ ಜೊತೆ ಹೊಡೆದಾಟ ಆಗಿತ್ತು. ಅವತ್ತು ಅವರು ಕೇಳಿದ್ದರಲ್ಲಿ ನಮಗೂ ಒಂದು ಸಂಘ ಬೇಕು ಅನ್ನುವುದೂ ಇತ್ತು. ಅಂದ ಹಾಗೆ ನಾನು ವಕೀಲನೇ. ಆ ದಿನ ನಮ್ಮ ಬಾರ್ ರೂಮಿನಲ್ಲಿ ಪೊಲೀಸರ ಪರ ಮಾತಾಡಿ ಎರಡು ದಿನ ಒಬ್ಬನೇ ಟೀ ಕುಡಿದೆ.

ಕೆಎಸ್‌ಆರ್‌ಪಿ ಹೆಂಡ್ತಿ · ಭಾನುವಾರ ಮಧ್ಯಾಹ್ನ 3:15

ಎಲ್ಲರೂ ಲಂಡನ್, ಬಾಸ್ಟನ್ ಅಂತ ಹೋದಿರಿ. ನನ್ನದು ಚಿಕ್ಕ ಮಾತು. 2016ರ ಗಲಾಟೆ ಸುಮ್ನೆ ಹೋಗಲಿಲ್ಲ. ಅದಾದ ಮೇಲೆ ಪೊಲೀಸರ ಸಂಬಳದ ಬಗ್ಗೆ ಔರಾದ್ಕರ್ ಸಮಿತಿ ವರದಿ ಕೊಟ್ಟಿತು, 2019ರಲ್ಲಿ ಆದೇಶ ಬಂತು. ಕಾನ್‌ಸ್ಟೇಬಲ್ ಮೂಲವೇತನ 21,400ರಿಂದ 23,500 ಆಯ್ತು. ಹೊಸದಾಗಿ ಸೇರಿದವರಿಗೆ ಒಳ್ಳೆಯದಾಯ್ತು. ಆದರೆ ನಮ್ಮವರಂತೆ ಹತ್ತು ಹದಿನೈದು ವರ್ಷ ಸವೆಸಿದವರಿಗೆ ಹೇಳಿಕೊಳ್ಳುವಂಥದ್ದು ಏನೂ ಸಿಗಲಿಲ್ಲ. ನಿನ್ನೆ ಬಂದ ಹುಡುಗನ ಸಂಬಳ ಹತ್ತಿರ ಹತ್ತಿರ ಇವರದಕ್ಕೇ ಬಂತು. ಇದನ್ನು ಎಲ್ಲಿ ಕೇಳುವುದು? ಆದೇಶದ ಕರಡು ಬರೆಯುವಾಗ ಒಬ್ಬ ಹಳೇ ಕಾನ್‌ಸ್ಟೇಬಲ್ ಆ ರೂಮಿನಲ್ಲಿ ಕೂತಿದ್ದರೆ ಐದು ನಿಮಿಷದಲ್ಲಿ ಹೇಳುತ್ತಿದ್ದ, ಸಾರ್ ಈ ಸಾಲು ತಪ್ಪಿದೆ ಅಂತ.

ಬಾಸ್ಟನ್ ಚಳಿ · ಭಾನುವಾರ ಸಂಜೆ 6:40

ಕೇಳಿದವರಿಗಿಲ್ಲ, ಹೊಸಬರಿಗೆ. ನಾನು ಬರೆದ 1919ರ ಕಥೆಯೇ ಇದು.

ಕ್ವಾರ್ಟರ್ಸ್ ಮಗಳು · ಭಾನುವಾರ ರಾತ್ರಿ 9:10

ಎಲ್ಲರಿಗೂ ಥ್ಯಾಂಕ್ಸ್. ಅಪ್ಪ ಪೂರ್ತಿ ಓದಿದರು. ಕನ್ನಡಕ ಮೇಲೆತ್ತಿ, ಒಂದೂ ಮಾತಾಡದೆ. ದಫೇದಾರರ ಓ.ಆರ್. ಕಥೆಗೆ ಮಾತ್ರ ‘ಹ್ಞೂಂ’ ಅಂದರು. ಓದುಗರ ತಮ್ಮನ ವಿಷಯ ಬಂದಾಗ ಫೋನ್ ನನ್ನ ಕೈಗೆ ಕೊಟ್ಟು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತರು. ನಾನು ಕೇಳಲಿಲ್ಲ.

ಅಮ್ಮ ಒಂದು ಉಪಾಯ ಹೇಳುತ್ತಿದ್ದಾಳೆ. ಕಾಯ್ದೆ ಪೊಲೀಸರಿಗೆ ತಾನೇ? ಹೆಂಡತಿಯರಿಗೆ ಇಲ್ಲವಲ್ಲ? ನಾವೇ ಸಂಘ ಮಾಡಿದರೆ?

ಲಾ ಪಾಯಿಂಟ್ · ಭಾನುವಾರ ರಾತ್ರಿ 9:30

ಅಮ್ಮನಿಗೆ ನನ್ನ ನಮಸ್ಕಾರ. ಸರಿಯಾಗಿಯೇ ಹಿಡಿದಿದ್ದಾರೆ. 1966ರ ಕಾಯ್ದೆ ಪೊಲೀಸ್ ಪಡೆಯ ಸದಸ್ಯರಿಗೆ ಮಾತ್ರ. ಕುಟುಂಬದವರು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ಸಂಘ ಮಾಡಬಹುದು. ಕ್ವಾರ್ಟರ್ಸ್ ನೀರು, ಮಕ್ಕಳ ಶಾಲೆ, ಆಸ್ಪತ್ರೆ, ವಾರದ ರಜೆ ಬಗ್ಗೆ ಮನವಿ ಕೊಡಬಹುದು. ಒಂದೇ ಎಚ್ಚರ. 1922ರ ಒಂದು ಹಳೇ ಕಾಯ್ದೆ ಇದೆ, ಪೊಲೀಸರಲ್ಲಿ ಅಸಮಾಧಾನ ಹುಟ್ಟಿಸುವುದರ ಬಗ್ಗೆ. ಬ್ರಿಟಿಷರದು, ಇನ್ನೂ ಬದುಕಿದೆ. ಅದು ಹೊರಗಿನವರಿಗೂ ಅನ್ವಯ. ಆರು ತಿಂಗಳವರೆಗೆ ಜೈಲು, ಇನ್ನೂರು ರೂಪಾಯಿವರೆಗೆ ದಂಡ. ಅದಕ್ಕೇ ‘ಡ್ಯೂಟಿಗೆ ಹೋಗಬೇಡಿ’ ಅನ್ನುವ ಮಾತು ಕರಪತ್ರದಲ್ಲಾಗಲಿ ವಾಟ್ಸ್‌ಆ್ಯಪ್‌ನಲ್ಲಾಗಲಿ ಎಲ್ಲೂ ಬರಬಾರದು. ಬೈಲಾ ನಾನು ಬರೆದುಕೊಡುತ್ತೇನೆ, ಫೀಸು ಬೇಡ.

ಹಳೇ ದಫೇದಾರ · ಭಾನುವಾರ ರಾತ್ರಿ 9:42

ಅಸಮಾಧಾನ ಹುಟ್ಟಿಸಲು ಹೊರಗಿನವರು ಬೇಕಾ? ರೋಲ್ ಕಾಲ್‌ಗೆ ಬಂದು ನೋಡಲಿ.

ಕೆಎಸ್‌ಆರ್‌ಪಿ ಹೆಂಡ್ತಿ · ಭಾನುವಾರ ರಾತ್ರಿ 9:50

ನಾನು ಸೇರುತ್ತೇನೆ. ನಮ್ಮ ಲೈನಿನಿಂದ ಹನ್ನೆರಡು ಜನ ಬರುತ್ತೇವೆ. ಮೊದಲ ಮೀಟಿಂಗ್ ಬರುವ ಭಾನುವಾರ ಇಡೋಣವಾ?

ಕ್ವಾರ್ಟರ್ಸ್ ಮಗಳು · ಭಾನುವಾರ ರಾತ್ರಿ 9:58

ಅಮ್ಮ ಬೇಡ ಅನ್ನುತ್ತಾಳೆ. ಭಾನುವಾರ ನಮ್ಮ ಕಡೆ ಮಂತ್ರಿಗಳ ಕಾರ್ಯಕ್ರಮ, ಗಂಡಸರೆಲ್ಲ ಬಂದೋಬಸ್ತ್‌ಗೆ ಹೋಗುತ್ತಾರೆ, ಮಕ್ಕಳನ್ನು ನೋಡಿಕೊಳ್ಳುವವರು ಯಾರೂ ಇರುವುದಿಲ್ಲವಂತೆ. ಬುಧವಾರ ಮಧ್ಯಾಹ್ನ ಆದೀತಾ?

ಕೆಎಸ್‌ಆರ್‌ಪಿ ಹೆಂಡ್ತಿ · ಭಾನುವಾರ ರಾತ್ರಿ 10:03

ಬುಧವಾರ ನಮಗೆ ನೀರು ಬಿಡುವ ದಿನ. ಗುರುವಾರ ಇಡಿ, ಮೂರು ಗಂಟೆಗೆ. ಕ್ಯಾಲೆಂಡರ್ ತರೋದಕ್ಕೆ ಅಮ್ಮನಿಗೆ ಹೇಳು, ನಾನೂ ನಮ್ಮನೇದು ತರುತ್ತೇನೆ.